ಮುಚ್ಚಿದ ಬಾಗಿಲಿನ ಬಾಡಿಗೆ

ಪುಣೆಯ ಸೋಲಾಪುರ ರಸ್ತೆಯಲ್ಲಿ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿದೆ. ಎಲ್ಲರ ಬಾಯಲ್ಲಿ ಎಎಫ್‌ಎಂಸಿ. ಧಾರವಾಡದಿಂದ ನನ್ನ ಅಣ್ಣನ ಮಗ ಅಲ್ಲಿಗೆ ಓದಲು ಬಂದಾಗ ಅವನ ಟ್ರಂಕು ಇಳಿಸಿ ಬಂದವನು ನಾನೇ. ಫೀ ಇಲ್ಲ. ಬದಲಿಗೆ ಬಾಂಡ್ ಬರೆದುಕೊಡಬೇಕು: ಕಲಿತ ಮೇಲೆ ಸೇನೆಯಲ್ಲಿ ದುಡಿಯಬೇಕು, ಒಲ್ಲೆನೆಂದರೆ ಲಕ್ಷಗಟ್ಟಲೆ ಕಟ್ಟಬೇಕು. ಏಳು ವರ್ಷದ ಶಾರ್ಟ್ ಸರ್ವಿಸ್ ಮುಗಿಯುತ್ತ ಬಂದಾಗ ರಜೆಯಲ್ಲಿ ನಮ್ಮ ಮನೆಗೆ ಬಂದ. ಚಹಾ ಕುಡಿಯುತ್ತ ಕೇಳಿದ: "ಕಾಕಾ, ಅಲ್ಲೇ ಇರ್ಲೋ, ಹೊರಗ ಬರ್ಲೋ?"

ಈ ಪ್ರಶ್ನೆ ಹಳೆಯದು. ಇಂಡಿಯನ್ ಮೆಡಿಕಲ್ ಸರ್ವಿಸ್‌ಗೆ ಲಂಡನ್ನಿನಲ್ಲಿ ಸ್ಪರ್ಧಾ ಪರೀಕ್ಷೆ ಶುರುವಾದದ್ದು 1855ರಲ್ಲಿ. ಅದೇ ವರ್ಷ ಬಂಗಾಳದ ಸೂರ್ಜೋ ಕುಮಾರ್ ಚಕ್ರವರ್ತಿ ಅದರಲ್ಲಿ ತೇರ್ಗಡೆಯಾದರು. ಆ ನೌಕರಿಯ ಆಕರ್ಷಣೆ ಬರೀ ಸಂಬಳವಲ್ಲ. ಕೆಲ ವರ್ಷ ರೆಜಿಮೆಂಟಿನಲ್ಲಿ ದುಡಿದವರು ಜಿಲ್ಲೆಗೆ ಸಿವಿಲ್ ಸರ್ಜನ್ ಆಗಿ ಹೋಗಬಹುದಿತ್ತು, ಖಾಸಗಿ ಪ್ರಾಕ್ಟೀಸೂ ಮಾಡಬಹುದಿತ್ತು. ಯುದ್ಧ ಬಂದರೆ ಮಾತ್ರ ವಾಪಸ್ ಕರೆ. ಹೊರಗಿನ ಬಾಗಿಲು ತೆರೆದಿಟ್ಟೇ ಸರಕಾರ ಡಾಕ್ಟರನ್ನು ಹಿಡಿದಿಟ್ಟಿತ್ತು. ಕೆಳದರ್ಜೆಯ ಭಾರತೀಯ ಸಬ್ ಅಸಿಸ್ಟೆಂಟ್ ಸರ್ಜನ್‌ಗಳಿಗೆ ಈ ಭಾಗ್ಯ ಇರಲಿಲ್ಲ. ಅವರದು ಕಡಿಮೆ ಪಗಾರ, ಕಡಿಮೆ ಮಾನ.

ಎರಡನೇ ಮಹಾಯುದ್ಧದ ನಡುವೆ, 1943ರ ಏಪ್ರಿಲ್ 3ರಂದು, ಬೇರೆಬೇರೆ ಶ್ರೇಣಿಗಳನ್ನು ಸೇರಿಸಿ ಒಂದೇ ವೈದ್ಯಕೀಯ ದಳ ಕಟ್ಟಲಾಯಿತು. ಸ್ವಾತಂತ್ರ್ಯ ಬಂದ ಮೇಲೆ ಬಿ.ಸಿ. ರಾಯ್ ಸಮಿತಿಯ ಸಲಹೆಯಂತೆ 1948ರಲ್ಲಿ ಪುಣೆಯ ಕಾಲೇಜು ಹುಟ್ಟಿತು. ಆದರೆ ಅಲ್ಲಿ ಎಂಬಿಬಿಎಸ್ ಕಲಿಸತೊಡಗಿದ್ದು 1962ರ ಆಗಸ್ಟಿನಲ್ಲಿ. ಮೂರು ತಿಂಗಳೊಳಗೆ ಚೀನಾ ಯುದ್ಧ. ಹೊರಗಿನಿಂದ ಡಾಕ್ಟರು ಬರಲಿ ಎಂದು ಕಾಯುವ ಬದಲು ತಾನೇ ತಯಾರಿಸಿ ಬಾಂಡಿನಿಂದ ಕಟ್ಟಿಹಾಕುವ ದಾರಿಯನ್ನು ಸೇನೆ ಹಿಡಿದಿತ್ತು.

ಖಾಸಗಿ ಪ್ರಾಕ್ಟೀಸಿನ ಬಾಗಿಲು ಈಗ ಮುಚ್ಚಿದೆ. ಅದಕ್ಕೆ ಸರಕಾರ ಕೊಡುವ ಬಾಡಿಗೆಯೇ ಎನ್‌ಪಿಎ, ಅಂದರೆ ಖಾಸಗಿ ಪ್ರಾಕ್ಟೀಸ್ ಮಾಡದಿರುವ ಭತ್ಯೆ. ಐದನೇ ವೇತನ ಆಯೋಗದ ನಂತರ ಅದು ಮೂಲವೇತನದ ಶೇ. 25 ಇತ್ತು. 2017ರ ಜುಲೈನಿಂದ ಹೆಚ್ಚಿದ ಮೂಲವೇತನದ ಮೇಲೆ ಶೇ. 20. ಏಳನೇ ಆಯೋಗದ ಪ್ರಕಾರ ಕ್ಯಾಪ್ಟನ್‌ನ ಆರಂಭಿಕ ಮೂಲವೇತನ 61,300 ರೂಪಾಯಿ. ಅದರ ಐದನೇ ಒಂದು ಭಾಗ 12,260. ಜೊತೆಗೆ ಸೇನಾ ಸೇವಾ ವೇತನ 15,500.

ಈ ಲೆಕ್ಕವನ್ನೆಲ್ಲ ಹೇಳಿ, "ಪಗಾರ ಏನ್ ಕಡಿಮಿ ಆತಪ್ಪಾ?" ಅಂದೆ.

"ಪಗಾರದ ಮಾತಲ್ಲ ಕಾಕಾ. ನನಗ ಸರ್ಜರಿ ಕಲೀಬೇಕು. ಸೀಟು ಯಾವಾಗ ಸಿಗತೈತೋ ಗೊತ್ತಿಲ್ಲ. ಅಲ್ಲೀತನಕಾ ಇನ್ನೆಷ್ಟು ವರ್ಗ? ಮಗಳಿಗೆ ಈಗಾಗಲೇ ಮೂರು ಸಾಲಿ ಆದ್ವು."

ನನ್ನ ಬಳಿ ಉತ್ತರವಿರಲಿಲ್ಲ. ಮಗ ಯೂನಿಫಾರ್ಮಿನಲ್ಲೇ ಇರಲಿ ಎಂದು ಅಣ್ಣನ ಆಸೆ. ಅವನು ಹೊರಗೆ ಬಂದ. ಈಗ ಹುಬ್ಬಳ್ಳಿಯಲ್ಲಿದ್ದಾನೆ, ಅಣ್ಣ ಒಂದು ವರ್ಷ ಅವನೊಡನೆ ಸರಿಯಾಗಿ ಮಾತಾಡಲಿಲ್ಲ. ಇಬ್ಬರಲ್ಲಿ ಯಾರನ್ನೂ ತಪ್ಪೆನ್ನಲಾರೆ. ಬಾಂಡು ಡಾಕ್ಟರನ್ನು ಏಳು ವರ್ಷ ನಿಲ್ಲಿಸೀತು. ಎಂಟನೇ ವರ್ಷಕ್ಕೆ ನಿಲ್ಲಿಸಬೇಕಾದದ್ದು ಕಲಿಯುವ ಅವಕಾಶ, ಹೆಂಡತಿ-ಮಕ್ಕಳಿಗೆ ಒಂದು ನೆಲೆ. ಬಾಡಿಗೆಯ ಲೆಕ್ಕದಲ್ಲಿ ಇವೆರಡು ಇನ್ನೂ ಸೇರಿಲ್ಲ.