ಮೂಲಪ್ರತಿ ಯಾವುದು? ಜಾಝ್ ತಟ್ಟೆಗಳ ಪಾಠಾಂತರಗಳು

ಹಳಗನ್ನಡ ಕಾವ್ಯಗಳ ಪೀಠಿಕೆಯನ್ನು ಓದುವ ಅಭ್ಯಾಸವುಳ್ಳವರಿಗೆ ಪಾಠಾಂತರವೆಂದರೇನೆಂದು ವಿವರಿಸಬೇಕಾಗಿಲ್ಲ. ಒಂದೇ ಕಾವ್ಯದ ನಾಲ್ಕು ಓಲೆಪ್ರತಿಗಳು ದೊರೆತರೆ ನಾಲ್ಕೂ ನಾಲ್ಕು ಬಗೆ. ಒಂದರಲ್ಲಿ ಲಿಪಿಕಾರನ ಕೈತಪ್ಪು, ಇನ್ನೊಂದರಲ್ಲಿ ಹುಳು ತಿಂದ ಅಂಚು, ಮತ್ತೊಂದರಲ್ಲಿ ಯಾರೋ ಪಂಡಿತರು ತಮಗೆ ಸರಿದೋರಿದಂತೆ ತಿದ್ದಿದ ಸಾಲು. ಈ ಕಷ್ಟವೆಲ್ಲ ತಾಳೆಗರಿಯ ಕಾಲಕ್ಕೆ ಮುಗಿಯಿತು, ಯಂತ್ರವು ಹಿಡಿದಿಟ್ಟ ಸಂಗೀತಕ್ಕೆ ಪಾಠಾಂತರವೆಲ್ಲಿಯದು ಎಂದು ಕೇಳುವವರುಂಟು. ನನ್ನ ಕಪಾಟಿನಲ್ಲಿರುವ ಅಮೆರಿಕದ ಜಾಝ್ ಸಂಗೀತದ ಸಿ.ಡಿ.ಗಳು ಬೇರೆಯೇ ಕಥೆ ಹೇಳುತ್ತವೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮಕ್ಕಳಿಗೆ ಇತಿಹಾಸ ಬೋಧಿಸಿದ ನನಗೆ, ಆಕರಗಳನ್ನು ಹೇಗೆ ತೂಗಬೇಕೆಂಬ ಪಾಠವನ್ನು ನಿವೃತ್ತಿಯ ನಂತರ ಈ ತಟ್ಟೆಗಳು ಮತ್ತೊಮ್ಮೆ ಹೇಳಿಕೊಟ್ಟವೆಂದರೆ ಅತಿಶಯೋಕ್ತಿಯಲ್ಲ.

ಜಾಝ್ ಈ ಮೇಷ್ಟರಿಗೆ ಎಲ್ಲಿಂದ ಅಂಟಿತು ಎಂದು ಕೆಲವರಿಗೆ ಸೋಜಿಗವಾಗಬಹುದು. ವಾಯ್ಸ್ ಆಫ್ ಅಮೆರಿಕ ಬಾನುಲಿಯಲ್ಲಿ 1955ರಿಂದ ವಿಲ್ಲಿಸ್ ಕಾನೋವರ್ ಎಂಬವರು ಜಾಝ್ ಕಾರ್ಯಕ್ರಮವೊಂದನ್ನು ನಡೆಸಿಕೊಡುತ್ತಿದ್ದರು. ಇಂಗ್ಲಿಷ್ ಪರಕೀಯವಾದ ಶ್ರೋತೃಗಳಿಗೂ ತಿಳಿಯಲೆಂದು ನಿಧಾನವಾಗಿ, ಬಿಡಿಬಿಡಿಯಾಗಿ ಮಾತನಾಡುತ್ತಿದ್ದ ಆ ಗಂಭೀರ ಕಂಠ ನಮ್ಮ ಮನೆಯ ವಾಲ್ವ್ ರೇಡಿಯೋದಲ್ಲಿ ಕರಕರ ಸದ್ದಿನ ನಡುವೆ ತೇಲಿಬರುತ್ತಿತ್ತು. ಆಗ ಹತ್ತಿದ ರುಚಿ ಬಿಡಲಿಲ್ಲ. ಸಿ.ಡಿ.ಗಳು ಬಂದದ್ದು ಬಹಳ ತಡವಾಗಿ. ಕೆಲವನ್ನು ಬೆಂಗಳೂರಿನಲ್ಲಿ ಕೊಂಡೆ, ಕೆಲವನ್ನು ಅಮೆರಿಕದಲ್ಲಿರುವ ಬಂಧುಗಳು ಬರುವಾಗ ತಂದರು. "ಏನ್ರೀ, ಅದೇ ಹೆಸರು, ಅದೇ ಚಿತ್ರ, ಮೂರನೇ ಸಲ ತರಿಸಿದ್ದೀರಲ್ಲ!" ಎಂದು ಮನೆಯಾಕೆ ಕೇಳಿದ್ದುಂಟು. ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಸ್ವಲ್ಪ ಉದ್ದ.

ಸಿ.ಡಿ. ಮಾರುಕಟ್ಟೆಗೆ ಬಂದದ್ದು 1982ರಲ್ಲಿ. ಕಂಪನಿಗಳು ಉಗ್ರಾಣದಲ್ಲಿದ್ದ ಹಳೆಯ ಧ್ವನಿಸುರುಳಿಗಳನ್ನು ತೆಗೆದು, ಸದ್ದನ್ನು ಅಂಕಿಗಳನ್ನಾಗಿಸಿ ಹೊಸ ತಟ್ಟೆಗೆ ಇಳಿಸತೊಡಗಿದವು. ಆ ಮೊದಲ ವರ್ಷಗಳಲ್ಲಿ ಅವಸರವಿತ್ತು. ಕೈಗೆ ಸಿಕ್ಕಿದ ಸುರುಳಿ ಪ್ರತಿಯೋ ಪ್ರತಿಯ ಪ್ರತಿಯೋ ಎಂದು ಎಲ್ಲರೂ ವಿಚಾರಿಸಲಿಲ್ಲ. ಆಮೇಲೆ ಉತ್ತಮ ಯಂತ್ರಗಳು ಬಂದವು, 20 ಬಿಟ್, 24 ಬಿಟ್ ಎಂಬ ಬಿರುದುಗಳು ಹೊದಿಕೆಯ ಮೇಲೆ ರಾರಾಜಿಸಿದವು. ಸಿ.ಡಿ.ಯಲ್ಲಿ ಹಿಡಿಸುವುದು ಅಂದೂ ಇಂದೂ 16 ಬಿಟ್ ಮಾತ್ರ. ಮಿಕ್ಕ ಅಂಕಿಗಳು ಸಿದ್ಧತೆಯ ಹಂತದ ಮಾತು. ಇದನ್ನೇ ರೀಮಾಸ್ಟರ್ ಎನ್ನುತ್ತಾರೆ. ಹಳೆಯ ಸರಕಿಗೆ ಹೊಸ ಬಣ್ಣ ಬಳಿದು ಮತ್ತೆ ಮಾರುವ ವ್ಯಾಪಾರ ಇದರಲ್ಲಿ ಧಾರಾಳವಾಗಿದೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ಹೀಗೆ ಉಗ್ರಾಣವನ್ನು ಮತ್ತೆ ಮತ್ತೆ ಕೆದಕುವಾಗಲೇ ಕೆಲವು ಐತಿಹಾಸಿಕ ಸತ್ಯಗಳು ಹೊರಬಿದ್ದವು.

ಅವುಗಳಲ್ಲಿ ಪ್ರಸಿದ್ಧವಾದದ್ದು ಮೈಲ್ಸ್ ಡೇವಿಸ್‌ನ 'ಕೈಂಡ್ ಆಫ್ ಬ್ಲೂ'. ಜಾಝ್ ಬಗ್ಗೆ ಏನೂ ಅರಿಯದವರ ಮನೆಯಲ್ಲೂ ಈ ತಟ್ಟೆ ಇರುತ್ತದೆಂದು ಹೇಳುತ್ತಾರೆ. ಕೊಲಂಬಿಯಾ ಕಂಪನಿಯು ನ್ಯೂಯಾರ್ಕಿನ 30ನೇ ಬೀದಿಯಲ್ಲಿ, ಹಿಂದೆ ಚರ್ಚ್ ಆಗಿದ್ದ ಎತ್ತರದ ಛಾವಣಿಯ ಕಟ್ಟಡವೊಂದನ್ನು ಸ್ಟುಡಿಯೋ ಮಾಡಿಕೊಂಡಿತ್ತು. ಅಲ್ಲಿ 1959ರ ಮಾರ್ಚ್ 2 ಮತ್ತು ಏಪ್ರಿಲ್ 22ರಂದು, ಎರಡೇ ದಿನಗಳಲ್ಲಿ ಇಡೀ ಆಲ್ಬಂ ಮುಗಿಯಿತು. ಡೇವಿಸ್‌ನ ಟ್ರಂಪೆಟ್, ಜಾನ್ ಕೋಲ್ಟ್ರೇನ್ ಮತ್ತು ಕ್ಯಾನನ್‌ಬಾಲ್ ಆಡರ್ಲಿಯ ಸ್ಯಾಕ್ಸೋಫೋನ್, ಪಿಯಾನೋದಲ್ಲಿ ಬಿಲ್ ಇವಾನ್ಸ್ (ಒಂದು ಕೃತಿಗೆ ಮಾತ್ರ ವಿಂಟನ್ ಕೆಲ್ಲಿ), ಬಾಸ್ ತಂತಿವಾದ್ಯದಲ್ಲಿ ಪಾಲ್ ಚೇಂಬರ್ಸ್, ಡ್ರಮ್ಸ್‌ನಲ್ಲಿ ಜಿಮ್ಮಿ ಕಾಬ್. ಆ ಪದ್ಧತಿಯಂತೆ ಎರಡು ಯಂತ್ರಗಳು ಜೊತೆಯಾಗಿ ಓಡುತ್ತಿದ್ದವು: ಒಂದು ಮುಖ್ಯಪ್ರತಿಗೆ, ಇನ್ನೊಂದು ಆಪತ್ತಿಗೆಂದು ಇಟ್ಟುಕೊಳ್ಳುವ ರಕ್ಷಣಾಪ್ರತಿಗೆ. ಮಾರ್ಚ್ 2ರಂದು ಮುಖ್ಯಪ್ರತಿಯ ಯಂತ್ರ ತುಸು ನಿಧಾನವಾಗಿ ಓಡುತ್ತಿತ್ತು. ಯಾರೂ ಗಮನಿಸಲಿಲ್ಲ.

ನಿಧಾನವಾಗಿ ಸುತ್ತುವಾಗ ಹಿಡಿದದ್ದನ್ನು ಸರಿಯಾದ ವೇಗದಲ್ಲಿ ಸುತ್ತಿಸಿದರೆ ಸಂಗೀತ ತುಸು ಬೇಗ ಓಡುತ್ತದೆ, ಶ್ರುತಿ ತುಸು ಏರುತ್ತದೆ. ಎಲ್.ಪಿ.ಯ ಮೊದಲ ಬದಿಯ ಮೂರೂ ಕೃತಿಗಳು, ಅಂದರೆ 'ಸೋ ವಾಟ್', 'ಫ್ರೆಡ್ಡೀ ಫ್ರೀಲೋಡರ್', 'ಬ್ಲೂ ಇನ್ ಗ್ರೀನ್', ಹೀಗೆ ಏರಿದ ಶ್ರುತಿಯಲ್ಲೇ ಲೋಕಕ್ಕೆ ಬಂದವು. ಎರಡನೆಯ ಬದಿ ಏಪ್ರಿಲ್ ತಿಂಗಳದ್ದು, ಅದಕ್ಕೆ ಈ ದೋಷವಿಲ್ಲ. 1992ರಲ್ಲಿ ಚಿನ್ನದ ಲೇಪದ ವಿಶೇಷ ಸಿ.ಡಿ.ಗಾಗಿ ಕೆಲಸ ಮಾಡುತ್ತಿದ್ದ ತಂತ್ರಜ್ಞ ಮಾರ್ಕ್ ವೈಲ್ಡರ್ ಮತ್ತು ಸಂಗಡಿಗರು ರಕ್ಷಣಾಪ್ರತಿಯ ಸುರುಳಿಗಳತ್ತ ತಿರುಗಿದರು. ಬಳಕೆಯಿಂದ ಸವೆಯದ ಆ ಸುರುಳಿಗಳಲ್ಲಿ ಶ್ರುತಿ ಸರಿಯಾಗಿತ್ತು! ನಡುವೆ 33 ವರ್ಷಗಳು ಕಳೆದಿದ್ದವು. ಸಾಮಾನ್ಯ ಬೆಲೆಯ 1997ರ ಸಿ.ಡಿ.ಯಲ್ಲೂ ಈ ತಿದ್ದುಪಡಿ ಉಂಟು.

ನನ್ನ ಬಳಿ 1980ರ ದಶಕದ, ಹೊದಿಕೆಯ ಸುತ್ತ ನೀಲಿ ಅಂಚಿರುವ ಹಳೆಯ ಸಿ.ಡಿ.ಯೂ ಇದೆ, 1997ರದ್ದೂ ಇದೆ. ಕಿವಿಯ ಮಾತನ್ನು ಒಂದಿಷ್ಟು ಪರೀಕ್ಷಿಸೋಣವೆಂದು ಮಗಳು ಸಂಗೀತ ಕಲಿಯುವಾಗ ಕೊಂಡಿದ್ದ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ಪಕ್ಕದಲ್ಲಿಟ್ಟುಕೊಂಡೆ. 'ಸೋ ವಾಟ್' ಕೃತಿಯ ಆಧಾರ ಅವರ ಲೆಕ್ಕದಲ್ಲಿ 'ಡಿ', ನಮ್ಮ ಹಾರ್ಮೋನಿಯಂ ಲೆಕ್ಕದಲ್ಲಿ ಎರಡು ಮನೆ. ಅವರು ಡೋರಿಯನ್ ಎನ್ನುವ ಸ್ವರಶ್ರೇಣಿ ನಮ್ಮ ಖರಹರಪ್ರಿಯದ್ದೇ. 1997ರ ತಟ್ಟೆಗೆ ಎರಡು ಮನೆ ಶ್ರುತಿ ಹಾಲಿಗೆ ಸಕ್ಕರೆಯಂತೆ ಬೆರೆಯಿತು. ನಡುವಿನ ಎಂಟು ಅಳತೆಗಳಲ್ಲಿ ಕೃತಿಯೇ ಅರ್ಧ ಮನೆ ಮೇಲೇರುತ್ತದೆ, ಆಗ ಶ್ರುತಿಪೆಟ್ಟಿಗೆ ಜಗಳವಾಡುತ್ತದೆ. ಕೃತಿ ಮನೆಗೆ ಮರಳಿದೊಡನೆ ಜಗಳ ಶಮನ. ನೀಲಿ ಅಂಚಿನ ತಟ್ಟೆಯಲ್ಲಿ ಮಾತ್ರ ಮೊದಲಿನಿಂದ ಕೊನೆಯವರೆಗೂ ಒಂದು ತುರಿಕೆ. ಅರ್ಧ ಮನೆಯಷ್ಟು ದೊಡ್ಡ ಅಂತರವಲ್ಲ, ಅದಕ್ಕಿಂತ ಕಡಿಮೆ. ಸೂಕ್ಷ್ಮಶ್ರುತಿಯ ಗುಂಡಿಯನ್ನು ಮೇಲಕ್ಕೆ ತಿರುಗಿಸಿದ ಮೇಲೆಯೇ ಎರಡೂ ಕೂಡಿಕೊಂಡದ್ದು.

ಇಲ್ಲಿ ಇತಿಹಾಸದ ವಿದ್ಯಾರ್ಥಿಗೆ ಒಂದು ಇಕ್ಕಟ್ಟು ಎದುರಾಗುತ್ತದೆ. ಅಂದು ಆ ಕೋಣೆಯಲ್ಲಿ ನುಡಿಸಿದ್ದು ಯಾವುದೆಂದರೆ ನಿಸ್ಸಂಶಯವಾಗಿ ರಕ್ಷಣಾಪ್ರತಿಯಲ್ಲಿರುವುದು. ಆದರೆ ಒಂದು ತಲೆಮಾರಿಗೂ ಮಿಗಿಲಾದ ಕಾಲ ಲೋಕ ಕೇಳಿದ್ದು, ಯುವ ವಾದಕರು ಜೊತೆಗೂಡಿ ನುಡಿಸಿ ಕಲಿತದ್ದು ಏರಿದ ಶ್ರುತಿಯ ಪ್ರತಿಯನ್ನು. ಅಭ್ಯಾಸಕ್ಕೆ ಕುಳಿತವನು ತನ್ನ ವಾದ್ಯವನ್ನೇ ತುಸು ಏರಿಸಿಕೊಳ್ಳಬೇಕಿತ್ತು, ಇಲ್ಲವೇ ಅಪಶ್ರುತಿಯನ್ನು ಸಹಿಸಬೇಕಿತ್ತು. ತಪ್ಪು ಪಾಠವೂ ಬಳಕೆಯ ಬಲದಿಂದ ಒಂದು ಪರಂಪರೆಯಾಗುತ್ತದೆಂಬುದು ಕಾವ್ಯಗಳ ವಿಷಯದಲ್ಲಿ ನಮಗೆ ಗೊತ್ತಿರುವುದೇ. ಆದ್ದರಿಂದ ಹಳೆಯ ತಟ್ಟೆಯನ್ನು ನಾನು ಯಾರಿಗೂ ದಾನ ಮಾಡಿಲ್ಲ. ಆದರೆ ಸಂಜೆ ಕೇಳಲು ಕೂರುವಾಗ ಕೈ ಹೋಗುವುದು 1997ರದ್ದಕ್ಕೇ. ವೇಗದ ಕಾಲುಪಾಲು ಆತುರ ಕಳೆದ ಆ ಬಾಸ್ ತಂತಿಯ ನಡಿಗೆಯನ್ನು ಒಮ್ಮೆ ಕೇಳಿದವರು ಹಿಂದಕ್ಕೆ ಹೋಗಲಾರರು.

ಮುಖ್ಯಪ್ರತಿಗೆ ಮಹತ್ವ, ಪಕ್ಕದ ಪ್ರತಿಗೆ ಅನಾದರ: ಇದು ಕಡತಗಳ ಲೋಕದ ಹಳೆಯ ರೋಗ. ಇದರ ಇನ್ನೂ ರೋಚಕವಾದ ಉದಾಹರಣೆ ಡ್ಯೂಕ್ ಎಲಿಂಗ್ಟನ್‌ನದು. 1956ರ ಜುಲೈ 7ರ ರಾತ್ರಿ ರೋಡ್ ಐಲೆಂಡ್ ರಾಜ್ಯದ ನ್ಯೂಪೋರ್ಟ್ ಉತ್ಸವದಲ್ಲಿ ಅವನ ವಾದ್ಯವೃಂದ ನುಡಿಸಿತು. ದೊಡ್ಡ ವಾದ್ಯವೃಂದಗಳ ಕಾಲ ಮುಗಿಯಿತೆಂದು ಜನ ಮಾತನಾಡುತ್ತಿದ್ದ ದಿನಗಳವು. 1937ರಲ್ಲಿ ರಚಿಸಿದ್ದ ಎರಡು ಹಳೆಯ ಕೃತಿಗಳ ನಡುವೆ ಸ್ಯಾಕ್ಸೋಫೋನ್ ವಾದಕ ಪಾಲ್ ಗೊನ್ಸಾಲ್ವಿಸ್ ಎದ್ದುನಿಂತು ಬ್ಲೂಸ್‌ನ 27 ಆವರ್ತಗಳನ್ನು ಒಂದೇ ಸಮನೆ ನುಡಿಸಿದ. ಸಭೆ ಕುರ್ಚಿ ಬಿಟ್ಟೆದ್ದು ಕುಣಿಯಿತು. ಮರುತಿಂಗಳು ಟೈಮ್ ಪತ್ರಿಕೆಯ ಮುಖಪುಟದಲ್ಲಿ ಎಲಿಂಗ್ಟನ್ ರಾರಾಜಿಸಿದ.

ಕೊಲಂಬಿಯಾ ಹೊರತಂದ ತಟ್ಟೆಯಲ್ಲಿ ಆ 27 ಆವರ್ತಗಳು ದೂರದಿಂದ ಕೇಳಿಬರುತ್ತವೆ. ಕಾರಣ ಸರಳ: ವೇದಿಕೆಯಲ್ಲಿ ಎರಡು ಸಂಸ್ಥೆಗಳ ಮೈಕುಗಳಿದ್ದವು, ಗೊನ್ಸಾಲ್ವಿಸ್ ನುಡಿಸಿದ್ದು ಇನ್ನೊಂದರ ಮುಂದೆ. ಆ ಇನ್ನೊಂದು ಸಂಸ್ಥೆ ಯಾವುದೆಂದರೆ, ನಮ್ಮ ವಾಲ್ವ್ ರೇಡಿಯೋದ ಗೆಳೆಯ ವಾಯ್ಸ್ ಆಫ್ ಅಮೆರಿಕ! ಅದೂ ಸಾಲದೆಂಬಂತೆ, ಉತ್ಸವಕ್ಕಾಗಿ ಬರೆದ ಹೊಸ ರಚನೆಯ ವಾದನ ತೃಪ್ತಿಕರವಾಗಿರಲಿಲ್ಲವೆಂದು ಜುಲೈ 9ರಂದು ಸ್ಟುಡಿಯೋದಲ್ಲಿ ಮತ್ತೆ ನುಡಿಸಿ, ಚಪ್ಪಾಳೆ ಅಂಟಿಸಿ, 'ನ್ಯೂಪೋರ್ಟಿನಲ್ಲಿ ಎಲಿಂಗ್ಟನ್' ಎಂಬ ಹೆಸರಿನಲ್ಲೇ ಮಾರಿದರು. ದಶಕಗಳ ಕಾಲ ಜನ ಆ ಚಪ್ಪಾಳೆಗೆ ರೋಮಾಂಚಿತರಾದರು. 1990ರ ದಶಕದಲ್ಲಿ ಬಾನುಲಿಯ ಸುರುಳಿಗಳು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಪತ್ತೆಯಾದವು. ಫಿಲ್ ಶಾಪ್ ಎಂಬ ಜಾಝ್ ಇತಿಹಾಸಜ್ಞರು (2021ರಲ್ಲಿ ತೀರಿಕೊಂಡರು) ಕಂಪನಿಯ ಸುರುಳಿಯನ್ನೂ ಬಾನುಲಿಯ ಸುರುಳಿಯನ್ನೂ ಹೊಂದಿಸಿ, ಒಂದನ್ನು ಒಂದು ಕಿವಿಗೆ, ಇನ್ನೊಂದನ್ನು ಇನ್ನೊಂದು ಕಿವಿಗೆ ಕೊಟ್ಟು 1999ರಲ್ಲಿ ಎರಡು ಸಿ.ಡಿ.ಗಳ ಸಂಪುಟ ತಂದರು. ಗೊನ್ಸಾಲ್ವಿಸ್ 43 ವರ್ಷಗಳ ನಂತರ ಮುಂದೆ ಬಂದು ನಿಂತ.

ಅಂದು ಒಂದೇ ಕಿವಿಯ ಮುದ್ರಣವಾಗಿದ್ದ ಎರಡನ್ನು ಕೂಡಿಸಿ ಸ್ಟೀರಿಯೋ ಮಾಡಿದ್ದು ಕೃತಕವಲ್ಲವೇ ಎಂದು ಆಕ್ಷೇಪಿಸುವವರಿದ್ದಾರೆ. ನನಗೆ ಹಾಗೆನಿಸುವುದಿಲ್ಲ. ಒಂದು ಘಟನೆಯ ಇಬ್ಬರು ಪ್ರತ್ಯಕ್ಷಸಾಕ್ಷಿಗಳನ್ನು ಅಕ್ಕಪಕ್ಕ ನಿಲ್ಲಿಸಿದಂತೆ ಅದು. ಮಿಗಿಲಾಗಿ, ಆ ಸಂಪುಟದಲ್ಲಿ ಸ್ಟುಡಿಯೋದ ವಾದನವನ್ನೂ ಮುಚ್ಚಿಡದೆ ಕೊಟ್ಟಿದ್ದಾರೆ. ಸಂಪಾದಕನಾದವನು ಬಿಟ್ಟ ಪಾಠವನ್ನು ಅಡಿಟಿಪ್ಪಣಿಯಲ್ಲಾದರೂ ಕೊಡಬೇಕು.

ಜಾನ್ ಕೋಲ್ಟ್ರೇನ್‌ನ 'ಎ ಲವ್ ಸುಪ್ರೀಮ್' ಕಥೆ ಬೇರೆ. 1964ರ ಡಿಸೆಂಬರ್ 9ರಂದು ಮುದ್ರಣಗೊಂಡ ಆ ಮಹಾಕೃತಿಯ ಮೂಲ ಸುರುಳಿಯೇ ಕಾಣೆಯಾಯಿತು. ಅನೇಕ ವರ್ಷ ಸಿ.ಡಿ.ಗಳು ಬಂದದ್ದು ಪ್ರತಿಯ ಪ್ರತಿಗಳಿಂದ. 2002ರ ಆವೃತ್ತಿಗೆ ಬಳಕೆಯಾದದ್ದು 1965ರಲ್ಲಿ ಇಂಗ್ಲೆಂಡಿಗೆ ಕಳುಹಿಸಿದ್ದ, ಅಲ್ಲಿನ ಇ.ಎಂ.ಐ. ಉಗ್ರಾಣದಲ್ಲಿ ಸುಮ್ಮನೆ ಮಲಗಿದ್ದ ಪ್ರತಿ. ಶತಮಾನಗಳ ಕಾಲ ಹೆಸರಷ್ಟೇ ಉಳಿದಿದ್ದ ಕೌಟಿಲ್ಯನ ಅರ್ಥಶಾಸ್ತ್ರ ತಂಜಾವೂರಿನ ಕಡೆಯ ಪಂಡಿತರೊಬ್ಬರ ಓಲೆಯಿಂದ ಮೈಸೂರಿನ ಶಾಮಶಾಸ್ತ್ರಿಗಳ ಕೈ ಸೇರಿದ್ದು ನೆನಪಾಗುತ್ತದೆ. ಮನೆಯಲ್ಲಿ ಕಳೆದದ್ದು ನೆಂಟರ ಮನೆಯಲ್ಲಿ ಸಿಕ್ಕಿತು.

ಇನ್ನು ಮುದ್ರಿಸಿದವನೇ ಮುಂದೆ ಬಂದು ತನ್ನ ಕೆಲಸವನ್ನು ತಿದ್ದಿದರೆ? ರೂಡಿ ವ್ಯಾನ್ ಗೆಲ್ಡರ್ ವೃತ್ತಿಯಿಂದ ಕಣ್ಣು ಪರೀಕ್ಷಕ. ನ್ಯೂಜರ್ಸಿಯ ಹ್ಯಾಕನ್ಸ್ಯಾಕ್ ಊರಿನ ತಂದೆತಾಯಿಯರ ಮನೆಯ ಹಜಾರದಲ್ಲಿ ಯಂತ್ರಗಳನ್ನು ಜೋಡಿಸಿಕೊಂಡು ಬ್ಲೂ ನೋಟ್ ಕಂಪನಿಯ ಅಮೂಲ್ಯ ಮುದ್ರಣಗಳನ್ನು ಮಾಡಿದವನು; 1959ರಲ್ಲಿ ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿ ಸ್ವಂತ ಸ್ಟುಡಿಯೋ ಕಟ್ಟಿದ. ಮೇಲೆ ಹೇಳಿದ ಕೋಲ್ಟ್ರೇನ್ ಮುದ್ರಣವೂ ಅಲ್ಲಿಯದೇ. ಎಪ್ಪತ್ತು ದಾಟಿದ ಮೇಲೆ ಅವನೇ ಆ ಹಳೆಯ ಸುರುಳಿಗಳನ್ನು 24 ಬಿಟ್ ವಿಧಾನದಲ್ಲಿ ರೀಮಾಸ್ಟರ್ ಮಾಡಿದ. 1999ರಿಂದ ಅಮೆರಿಕದಲ್ಲಿ ಅವನ ಹೆಸರಿನ ಮಾಲೆ ಹೊರಬಂತು. 2016ರಲ್ಲಿ, 91ನೆಯ ವಯಸ್ಸಿನಲ್ಲಿ ತೀರಿಕೊಂಡ. ಕರ್ತೃವೇ ಒಪ್ಪಿದ ಪಾಠಕ್ಕಿಂತ ಮಿಗಿಲುಂಟೇ ಎಂದು ಅನೇಕರ ವಾದ. ಆದರೂ ಒಂದೆರಡು ತಟ್ಟೆಗಳನ್ನು 1980ರ ದಶಕದ ಸಿ.ಡಿ.ಗಳೊಡನೆ ಹೋಲಿಸಿದಾಗ, ಹೊಸತರಲ್ಲಿ ಸದ್ದು ದೊಡ್ಡದಾಗಿ, ವಾದ್ಯಗಳು ನಡುವಿಗೆ ಒತ್ತರಿಸಿದಂತೆ ನನಗೆ ಕೇಳಿಸಿತು. ಹಳತರಲ್ಲಿ ಉಸಿರಾಡಲು ಜಾಗವಿತ್ತು. ಮುಪ್ಪಿನಲ್ಲಿ ಕವಿ ತಿದ್ದಿದ ಪದ್ಯ ಯೌವನದ ಪದ್ಯಕ್ಕಿಂತ ಮೇಲೆಂದು ಹೇಳುವ ನಿಯಮವೇನೂ ಇಲ್ಲ. ಹೋಲಿಸುವವರು ಒಂದು ಎಚ್ಚರ ವಹಿಸಬೇಕು: ಎರಡರ ಸದ್ದಿನ ಮಟ್ಟವನ್ನು ಮೊದಲು ಸಮ ಮಾಡಿಕೊಳ್ಳಿ. ಜೋರಾಗಿರುವುದೆಲ್ಲ ಮೊದಲ ಕ್ಷಣಕ್ಕೆ ಚೆನ್ನಾಗಿಯೇ ಕೇಳಿಸುತ್ತದೆ.

ಲೂಯಿ ಆರ್ಮ್‌ಸ್ಟ್ರಾಂಗ್‌ನ 'ಹಾಟ್ ಫೈವ್' ಕಾಲಕ್ಕೆ, ಅಂದರೆ 1925ರಿಂದ 1928ರವರೆಗಿನ ಮುದ್ರಣಗಳಿಗೆ, ಸುರುಳಿಯೇ ಇಲ್ಲ. 78 ಸುತ್ತಿನ ಅರಗಿನ ತಟ್ಟೆಗಳೇ ಗತಿ. ಗರಗರ ಸದ್ದನ್ನು ಅತಿಯಾಗಿ ಸೋಸಿದ ಒಂದು ಸಿ.ಡಿ.ಯಲ್ಲಿ ಕಹಳೆಯ ಹೊಳಪೂ ಸೋಸಿಹೋಗಿತ್ತು. ಇಂಗ್ಲೆಂಡಿನ ಜಾನ್ ಆರ್. ಟಿ. ಡೇವೀಸ್ (1927–2004) ಶುಭ್ರವಾದ ತಟ್ಟೆಗಳನ್ನು ಅರಸಿ, ತಾಳ್ಮೆಯಿಂದ ಇಳಿಸಿದ ಪ್ರತಿಗಳಲ್ಲಿ ಗರಗರ ಉಳಿದಿದೆ, ಜೊತೆಗೆ ಆರ್ಮ್‌ಸ್ಟ್ರಾಂಗ್ ಕೂಡ ಉಳಿದಿದ್ದಾನೆ. 1928ರ 'ವೆಸ್ಟ್ ಎಂಡ್ ಬ್ಲೂಸ್' ಆರಂಭದ ಒಂಟಿ ಕಹಳೆಯನ್ನು ಎರಡರಲ್ಲೂ ಕೇಳಿದರೆ ಹೆಚ್ಚಿನ ವಾದ ಬೇಕಾಗುವುದಿಲ್ಲ.

2008ರ ಜೂನ್ 1ರಂದು ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೋ ಆವರಣದಲ್ಲಿ ದೊಡ್ಡ ಬೆಂಕಿ ಬಿತ್ತು. ಅಲ್ಲಿನ ಉಗ್ರಾಣದಲ್ಲಿದ್ದ ಸಂಗೀತದ ಮೂಲ ಸುರುಳಿಗಳು ದೊಡ್ಡ ಪ್ರಮಾಣದಲ್ಲಿ ಸುಟ್ಟುಹೋದವೆಂಬುದು ಲೋಕಕ್ಕೆ ತಿಳಿದದ್ದು 2019ರಲ್ಲಿ, ನ್ಯೂಯಾರ್ಕ್ ಟೈಮ್ಸ್ ಬರೆದ ಮೇಲೆ. ನಷ್ಟ ಅಷ್ಟು ದೊಡ್ಡದಲ್ಲವೆಂದು ಕಂಪನಿ ವಾದಿಸಿತು. ಎಷ್ಟೇ ಇರಲಿ, ಸುಟ್ಟ ಸುರುಳಿಯನ್ನು ಯಾರೂ ಮತ್ತೆ ರೀಮಾಸ್ಟರ್ ಮಾಡಲಾರರು. ಅಂಥ ಸುರುಳಿಯ ಪಾಲಿಗೆ ಹಿಂದೆ ಮಾಡಿದ ಪ್ರತಿಗಳೇ ಸಾಕ್ಷಿ. ಆ ವರದಿ ಬಂದ ವಾರ ಕೂತು, ಕಪಾಟಿನ ಪ್ರತಿ ಡಿಸ್ಕಿನ ಒಳಪುಸ್ತಿಕೆಯ ಸಣ್ಣಕ್ಷರಗಳನ್ನು ಭೂತಗನ್ನಡಿ ಹಿಡಿದು ಓದಿದೆ. ಯಾವ ವರ್ಷದ ರೀಮಾಸ್ಟರ್, ಯಾರು ಮಾಡಿದ್ದು, ಯಾವ ಸುರುಳಿಯಿಂದ ಎಂಬುದನ್ನು ಚೀಟಿಗಳಲ್ಲಿ ಬರೆದು ಒಳಗಿಟ್ಟೆ. ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಸುರುಳಿಯ ಪ್ರಸ್ತಾಪವೇ ಇರಲಿಲ್ಲ. ಆ ಚೀಟಿಗಳಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಮಾತ್ರ ಇದೆ.