ಗಾಜಿನ ತೊಟ್ಟಿಯ ಹುಲ್ಲು

ಮನೆಯ ಅಕ್ವೇರಿಯಮ್ಮಿಗೆ ಜೀವಂತ ಗಿಡ ಬೇಕೆಂದವರಿಗೆ ಸುಲಭವಾಗಿ ಸಿಗುವವುಗಳಲ್ಲಿ ವ್ಯಾಲಿಸ್ನೇರಿಯಾ ಒಂದು. ರಿಬ್ಬನ್ನಿನಂತಹ ಉದ್ದನೆಯ ಎಲೆ ಬಿಟ್ಟರೆ ನೋಡಲು ಅದರಲ್ಲಿ ಹೆಚ್ಚೇನಿಲ್ಲ. ಆದರೆ ಅಕ್ವೇರಿಯಮ್ ಎಂಬ ಹವ್ಯಾಸ ಹುಟ್ಟಿದ್ದೇ ಈ ಹುಲ್ಲಿನಂಥ ಗಿಡದಿಂದ.

1849ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 12 ಗ್ಯಾಲನ್ ಹಿಡಿಯುವ ಗಾಜಿನ ಪಾತ್ರೆಯಲ್ಲಿ ಎರಡು ಗೋಲ್ಡ್ ಫಿಶ್ ಮತ್ತು ವ್ಯಾಲಿಸ್ನೇರಿಯಾ ಇಟ್ಟು ಪ್ರಯೋಗ ಆರಂಭಿಸಿದ. ಗಿಡ ಬಿಡುವ ಆಮ್ಲಜನಕದಿಂದಲೇ ಮೀನು ಬದುಕೀತೇ ಎಂಬುದು ಅವನ ಪ್ರಶ್ನೆ. ಬದುಕಿದವು. ಆದರೆ ಸ್ವಲ್ಪ ದಿನಕ್ಕೆ ಗಿಡದ ಹಳೆಯ ಎಲೆಗಳು ಕೊಳೆತು, ಗಾಜಿಗೆ ಪಾಚಿ ಹಿಡಿದು, ನೀರು ಮಸುಕಾಯಿತು. ಆಗ ಅವನು ಐದಾರು ಕೊಳದ ಬಸವನಹುಳುಗಳನ್ನು ಬಿಟ್ಟ. ಅವು ಕೊಳೆತದ್ದನ್ನೂ ಪಾಚಿಯನ್ನೂ ತಿಂದವು, ಅವು ಇಟ್ಟ ಮೊಟ್ಟೆಗಳು ಮೀನಿಗೆ ಆಹಾರವಾದವು. 1850ರಲ್ಲಿ ಅವನು ಕೆಮಿಕಲ್ ಸೊಸೈಟಿಗೆ ಈ ವರದಿ ಕೊಟ್ಟ. ಮೂರೇ ವರ್ಷದಲ್ಲಿ ಲಂಡನ್ ಪ್ರಾಣಿಸಂಗ್ರಹಾಲಯದಲ್ಲಿ ಮೀನುಮನೆ ತೆರೆಯಿತು. 1854ರಲ್ಲಿ ಫಿಲಿಪ್ ಹೆನ್ರಿ ಗಾಸ್ ಬರೆದ ಪುಸ್ತಕ ಅಕ್ವೇರಿಯಮ್ ಎಂಬ ಪದವನ್ನು ಮನೆಮಾತಾಗಿಸಿತು. ಬಸವನಹುಳುವಿಗೆ ಸಿಗಬೇಕಾದ ಶ್ರೇಯಸ್ಸು ಇನ್ನೂ ಪೂರ್ತಿ ಸಿಕ್ಕಿಲ್ಲ ಎನ್ನುವುದು ನನ್ನ ಅಭಿಪ್ರಾಯ.

ಇಂಗ್ಲೆಂಡಿನವರಿಗೆ ಕುತೂಹಲವೆನಿಸಿದ ಇಂಥ ಗಿಡಗಳು ನಮ್ಮ ಕೆರೆ-ಕಾಲುವೆಗಳಿಗೆ ಹೊಸವಲ್ಲ. ಉತ್ತರ ಭಾರತದ ಖಾಂಡಸಾರಿಯವರು ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾ ಜಾತಿಯ ನೀರುಕಳೆಗಳನ್ನು ಒದ್ದೆಯಾಗಿಯೇ ಸಕ್ಕರೆಯ ಮೇಲೆ ಹೊದಿಸುತ್ತಿದ್ದರು. ಅದರಿಂದ ನಿಧಾನವಾಗಿ ಜಿನುಗುವ ನೀರು ಕಾಕಂಬಿಯನ್ನು ಕೆಳಗಿಳಿಸಿ ಸಕ್ಕರೆಯನ್ನು ಬಿಳಿಯಾಗಿಸುತ್ತಿತ್ತು.

ಹೈಡ್ರಿಲ್ಲಾದ ಕಥೆ ಮಾತ್ರ ಸಿಹಿಯಾಗಿ ಉಳಿಯಲಿಲ್ಲ. 1950ರ ದಶಕದ ಆರಂಭದಲ್ಲಿ ಶ್ರೀಲಂಕಾದಿಂದ ಅದು 'ಇಂಡಿಯನ್ ಸ್ಟಾರ್ ವೈನ್' ಎಂಬ ಮೋಹಕ ಹೆಸರಿನಲ್ಲಿ ಅಮೆರಿಕದ ಫ್ಲಾರಿಡಾಕ್ಕೆ, ಅಕ್ವೇರಿಯಮ್ ವ್ಯಾಪಾರಿಗಳ ಕೈಗೆ ಹೋಯಿತು. ಟಾಂಪಾದ ಕಾಲುವೆಯೊಂದನ್ನು ಸೇರಿತು. 1960ರ ಹೊತ್ತಿಗೆ ಮಯಾಮಿಯ ಕಾಲುವೆಯಲ್ಲೂ ಕ್ರಿಸ್ಟಲ್ ನದಿಯಲ್ಲೂ ಕಾಣಿಸಿಕೊಂಡಿತು. ಮುಂದೆ ನಡೆದ ಡಿಎನ್‌ಎ ಹೋಲಿಕೆಗಳು ಅದರ ಮೂಲ ದಕ್ಷಿಣ ಭಾರತವೇ ಇರಬಹುದೆಂದು ಸೂಚಿಸಿದವು. ಫ್ಲಾರಿಡಾ ತುಂಬಿರುವುದು ಹೆಣ್ಣು ಗಿಡಗಳೇ. ಬೀಜದ ಹಂಗಿಲ್ಲದೆ ಬರೀ ತುಂಡು, ಗೆಡ್ಡೆ, ಮೊಗ್ಗುಗಳಿಂದ ಅದು ಹಬ್ಬಿತು.

ಕೊಪ್ಪಳ ಜಿಲ್ಲೆಯಲ್ಲಿ ಕುಳಿತು ಗಿಡ ಆರಿಸುವವರಿಗೆ ಈ ಇತಿಹಾಸ ದೂರದ್ದಲ್ಲ. ಕುಷ್ಟಗಿ, ಯಲಬುರ್ಗಾ ಕಡೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚೆಂಬುದು ಊರಿನವರ ಮೂಳೆ-ಹಲ್ಲುಗಳೇ ಹೇಳುವ ಸಂಗತಿ. ಆ ನೀರು ಸಾಮಾನ್ಯವಾಗಿ ಕ್ಷಾರೀಯವಾಗಿರುತ್ತದೆ. ಚಿತ್ರದಂತೆ ಸುಂದರವಾದ, ಮೃದುನೀರು ಬಯಸುವ ಕ್ಯಾಬೊಂಬಾ ಅಂಥಲ್ಲಿ ಬೇಗ ಸೊರಗಬಹುದು. ವ್ಯಾಲಿಸ್ನೇರಿಯಾ ನೀರಿನ ಬೈಕಾರ್ಬನೇಟಿನಿಂದಲೂ ಇಂಗಾಲ ಪಡೆಯಬಲ್ಲದು, ಹಾಗಾಗಿ ನನ್ನ ಮತ ಅದಕ್ಕೇ. ಒಣಪ್ರದೇಶದ ಮನೆಗೆ ವಾರಿಂಗ್ಟನ್ನನ ಗಿಡವೇ ಸರಿಹೊಂದುತ್ತದೆ.

ಗಂಗಾವತಿಯ ಮಾತು ಬೇರೆ. ಮುನಿರಾಬಾದಿನ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆ 1953ರಿಂದ ಈ ಭಾಗವನ್ನು ಭತ್ತದ ನಾಡಾಗಿಸಿತು. ಮನೆಯ ಹಿಂದೆಯೇ ಹರಿಯುವ ಕಾಲುವೆಗೆ ತೊಟ್ಟಿಯ ನೀರು ಚೆಲ್ಲುವುದು ಎಷ್ಟು ಸುಲಭ! 2020ರ ನವೆಂಬರಿನಲ್ಲಿ ಕೋಳಿಕ್ಕೋಡ್ ಜಿಲ್ಲೆಯ ಆವಳಪಾಂಡಿಯಲ್ಲಿ ಗುಲಾಬಿ ಹೂಗಳಿಂದ ತುಂಬಿದ ತೋಡನ್ನು ನೋಡಲು ಜನ ಮುಗಿಬಿದ್ದರು. ಅದು ದಕ್ಷಿಣ ಅಮೆರಿಕದ ಕ್ಯಾಬೊಂಬಾ, ಅಕ್ವೇರಿಯಮ್ಮಿನ ಅಲಂಕಾರದ ಗಿಡ. ಗಂಗಾವತಿಯವರು ಕತ್ತರಿಸಿದ ಕಾಂಡಗಳನ್ನು ಬಿಸಿಲಿಗೆ ಹಾಕಿ, ಪೂರ್ತಿ ಒಣಗಿದ ಮೇಲೆ ತಿಪ್ಪೆಗೆ ಸೇರಿಸಿದರೆ ಸಾಕು.