ಗುಲಾಬಿ ಅಂಗಿ, ಹಳದಿ ಅಂಗಿ, ನಡುವೆ ಕೆಲವೇ ದಿನ

1938ರ ಮೇ ತಿಂಗಳಲ್ಲಿ ಇಟಲಿಯ ಸೈಕಲ್ ಪಂದ್ಯ ಜಿರೊ ಎಂದಿನಂತೆ ನಡೆಯಿತು. ಹಿಂದಿನ ಎರಡು ವರ್ಷವೂ ಅದನ್ನು ಗೆದ್ದಿದ್ದ ಜೀನೊ ಬಾರ್ತಾಲಿ ಮಾತ್ರ ಕಣದಲ್ಲಿರಲಿಲ್ಲ. ಜುಲೈನಲ್ಲಿ ಟೂರ್ ಡಿ ಫ್ರಾನ್ಸ್ ಗೆಲ್ಲಬೇಕು, ಅದಕ್ಕಾಗಿ ಈ ಸಲ ಜಿರೊ ಬಿಡಬೇಕು ಎಂದು ಮೇಲಿನಿಂದ ಕಟ್ಟಪ್ಪಣೆಯಾಗಿತ್ತು. ಎರಡನ್ನೂ ಓಡಿಸಿ ನೋಡಿದ್ದು ಹಿಂದಿನ ವರ್ಷವೇ ಆಗಿತ್ತು. ಜಿರೊ ಗೆದ್ದು ಫ್ರಾನ್ಸಿಗೆ ಹೋದ ಬಾರ್ತಾಲಿ ಅಲ್ಲಿ ಮುಂದಿರುವವರಿಗೆ ಸಿಗುವ ಹಳದಿ ಅಂಗಿಯನ್ನೂ ತೊಟ್ಟಿದ್ದರು. ಆಮೇಲೆ ಆಲ್ಪ್ಸ್‌ನಲ್ಲಿ ಸೈಕಲ್ ಸಮೇತ ಹೊಳೆಗೆ ಬಿದ್ದು, ಕೆಲವೇ ದಿನಗಳಲ್ಲಿ ಪಂದ್ಯದಿಂದ ಹೊರಬಿದ್ದರು. ಮುಸೊಲಿನಿಯ ಸರ್ಕಾರಕ್ಕೆ ಪ್ಯಾರಿಸ್‌ನಲ್ಲಿ ಇಟಲಿಯ ಗೆಲುವು ಬೇಕಿತ್ತು. 1938ರಲ್ಲಿ ಬಾರ್ತಾಲಿ ಅದನ್ನು ತಂದುಕೊಟ್ಟರು.

ಜಿರೊ, ಟೂರ್ ಮತ್ತು ಸ್ಪೇನಿನ ವುಯೆಲ್ಟಾ, ಈ ಮೂರಕ್ಕೆ ಗ್ರ್ಯಾಂಡ್ ಟೂರ್ ಎಂದು ಹೆಸರು. ವೃತ್ತಿಪರ ಸವಾರರು ಒಂದೇ ವರ್ಷ ಇವುಗಳಲ್ಲಿ ಎರಡು ಮೂರಕ್ಕೆ ಇಳಿಯಬೇಕೇ ಎಂಬ ಚರ್ಚೆ ಪ್ರತಿ ಋತುವಿನಲ್ಲೂ ಏಳುತ್ತದೆ. ಮಾತೆಲ್ಲ ದೇಹದ ಸುತ್ತಲೇ. ಒಂದೊಂದು ಪಂದ್ಯವೂ ಮೂರು ವಾರ, 21 ಹಂತ, ಸುಮಾರು 3,400 ಕಿ.ಮೀ. ದೂರ, ಬೆಟ್ಟ ಹತ್ತುವ ದಿನ 6,000 ಕ್ಯಾಲೊರಿಗೂ ಹೆಚ್ಚು ಕರಗುತ್ತದೆ. ಇಂಥದ್ದನ್ನು ದೇಹ ಎಷ್ಟು ಸಲ ತಡೆದೀತು ಎಂದು ಕೇಳುವುದು ಸಹಜವೇ. ಆದರೆ ಯಾರು ಎಷ್ಟು ಓಡಬೇಕೆಂದು ನೂರು ವರ್ಷಗಳಿಂದ ತೀರ್ಮಾನಿಸುತ್ತ ಬಂದವರಲ್ಲಿ ಸವಾರರಿಗಿಂತ ಪತ್ರಿಕೆಯವರು, ಪ್ರಾಯೋಜಕರು ಮತ್ತು ವೇಳಾಪಟ್ಟಿ ಬರೆಯುವವರೇ ಹೆಚ್ಚು.

ಮೂರು ಪಂದ್ಯಗಳೂ ಪತ್ರಿಕೆಗಳ ಕೂಸುಗಳು. ಎದುರಾಳಿ ಪತ್ರಿಕೆಯನ್ನು ಮಣಿಸಲು ‘ಲೋತೊ’ 1903ರಲ್ಲಿ ಟೂರ್ ಆರಂಭಿಸಿತು. ‘ಕೊರಿಯೆರೆ ಡೆಲ್ಲಾ ಸೆರಾ’ ಇಂಥದ್ದೇ ಪಂದ್ಯಕ್ಕೆ ಸಿದ್ಧವಾಗುತ್ತಿದೆ ಎಂಬ ಸುಳಿವು ಸಿಕ್ಕಿದ್ದೇ ‘ಗಜೆಟ್ಟಾ ಡೆಲ್ಲೊ ಸ್ಪೋರ್ಟ್’ ತರಾತುರಿಯಲ್ಲಿ 1909ರಲ್ಲಿ ಜಿರೊ ನಡೆಸಿತು. ಸ್ಪೇನಿನ ‘ಇನ್ಫೊರ್ಮಾಸಿಯೊನೆಸ್’ 1935ರಲ್ಲಿ ವುಯೆಲ್ಟಾ ಶುರುಮಾಡಿತು. ಲೋತೊ ಅಚ್ಚಾಗುತ್ತಿದ್ದ ಕಾಗದ ಹಳದಿ, ಗಜೆಟ್ಟಾದ್ದು ಗುಲಾಬಿ. ಮುಂದಿರುವ ಸವಾರರ ಅಂಗಿಗಳಿಗೂ ಅವೇ ಬಣ್ಣ. ಒಂದರ ದಣಿವು ಇನ್ನೊಂದಕ್ಕೆ ಅಡ್ಡಿಯಾದೀತೆಂದು ಲೆಕ್ಕ ಹಾಕುವ ಗರಜು ಯಾವ ಸಂಪಾದಕರಿಗೂ ಇರಲಿಲ್ಲ.

ಜಿರೊ ಮತ್ತು ಟೂರ್ ಎರಡನ್ನೂ ಒಂದೇ ವರ್ಷ ಗೆದ್ದ ಮೊದಲಿಗರು ಫೌಸ್ತೊ ಕೊಪ್ಪಿ. 1949ರ ಜೂನ್ 10ರಂದು, ಜಿರೊದಲ್ಲಿ ಕುನೆಯೊದಿಂದ ಪಿನೆರೋಲೊವರೆಗಿನ ಹಂತದಲ್ಲಿ ಐದು ಘಾಟಿಗಳನ್ನು ದಾಟಿ, 190 ಕಿ.ಮೀ.ಗೂ ಹೆಚ್ಚು ದೂರ ಒಬ್ಬರೇ ತುಳಿದು, ಎರಡನೆಯವರಾಗಿ ಬಂದ ಬಾರ್ತಾಲಿಗಿಂತ 11 ನಿಮಿಷ 52 ಸೆಕೆಂಡು ಮೊದಲೇ ಅವರು ಗುರಿ ಮುಟ್ಟಿದ್ದರು. ಜಿರೊ ಮುಗಿದು ಮೂರು ವಾರ ತುಂಬುವ ಮೊದಲೇ ಟೂರ್ ಹೊರಟಿತು. ಸೇಂಟ್ ಮಾಲೊ ದಾರಿಯಲ್ಲಿ ಕೊಪ್ಪಿ ಬಿದ್ದು ಸೈಕಲ್ ಮುರಿಯಿತು. ಅವರ ಸ್ವಂತ ಬದಲಿ ಸೈಕಲ್ ಇದ್ದದ್ದು ಇಟಲಿ ತಂಡದ ವ್ಯವಸ್ಥಾಪಕ ಅಲ್ಫ್ರೆದೊ ಬಿಂದಾ ಅವರ ಕಾರಿನಲ್ಲಿ, ಆ ಕಾರು ಎಲ್ಲೋ ಹಿಂದೆ. ಬೇರೆ ಸೈಕಲ್ ಕೊಡಲು ಬಂದರೆ ಕೊಪ್ಪಿ ಒಲ್ಲೆನೆಂದರು, ರಸ್ತೆ ಬದಿಯಲ್ಲೇ ನಿಂತರು, ಮನೆಗೆ ಹೋಗುತ್ತೇನೆಂದರು. ಆ ದಿನದ ಕೊನೆಗೆ ಒಟ್ಟು ಲೆಕ್ಕದಲ್ಲಿ ಅರ್ಧ ಗಂಟೆಗೂ ಹೆಚ್ಚು ಹಿಂದೆ ಬಿದ್ದಿದ್ದರು. ಬಿಂದಾ ಪುಸಲಾಯಿಸಿ ಉಳಿಸಿಕೊಂಡರು. ಸುಮಾರು 4,800 ಕಿ.ಮೀ.ಗಳ ಆ ಟೂರ್ ಪ್ಯಾರಿಸ್‌ನಲ್ಲಿ ಮುಗಿದಾಗ ಕೊಪ್ಪಿ ಬಾರ್ತಾಲಿಗಿಂತ 10 ನಿಮಿಷ 55 ಸೆಕೆಂಡು ಮುಂದಿದ್ದರು.

ಕೊಪ್ಪಿ ಇದನ್ನು 1952ರಲ್ಲೂ ಸಾಧಿಸಿದರು. 1964ರಲ್ಲಿ ಫ್ರಾನ್ಸಿನ ಜಾಕ್ ಆಂಕ್ತೀಲ್ ಸರದಿ. ಆ ಬೇಸಿಗೆಯ ಟೂರ್‌ಗೆ ಇಬ್ಬರು ನಾಯಕರೂ ಆಗಲೇ ಒಂದೊಂದು ಗ್ರ್ಯಾಂಡ್ ಟೂರ್ ಗೆದ್ದು ಬಂದಿದ್ದರು. ವುಯೆಲ್ಟಾ ಗೆದ್ದಿದ್ದ ರೇಮೊ ಪುಲಿದೋರ್‌ಗೆ ತಿಂಗಳಿಗೂ ಮೇಲ್ಪಟ್ಟ ವಿರಾಮ ಸಿಕ್ಕಿತ್ತು. ಜಿರೊ ಗೆದ್ದಿದ್ದ ಆಂಕ್ತೀಲ್‌ಗೆ ಎರಡು ವಾರ. ಪ್ವೀ ದ ದೋಮ್ ಎಂಬ ಆರಿದ ಜ್ವಾಲಾಮುಖಿಯ ಏರಿನಲ್ಲಿ ಇಬ್ಬರೂ ಭುಜಕ್ಕೆ ಭುಜ ತಾಗಿಸಿಕೊಂಡು ಹತ್ತಿದರು. ಕೊನೆಯಲ್ಲಿ ಪುಲಿದೋರ್ ಕಿತ್ತುಕೊಂಡು ಹೋದರು. 56 ಸೆಕೆಂಡಿದ್ದ ಆಂಕ್ತೀಲ್ ಮುನ್ನಡೆ ತುದಿ ಮುಟ್ಟುವಷ್ಟರಲ್ಲಿ 14ಕ್ಕೆ ಇಳಿಯಿತು. ಪ್ಯಾರಿಸ್‌ನಲ್ಲಿ ಆಂಕ್ತೀಲ್ 55 ಸೆಕೆಂಡುಗಳಿಂದ ಗೆದ್ದರು.

ಬೆಲ್ಜಿಯಂನ ಎಡ್ಡಿ ಮರ್ಕ್ಸ್ ಮೂರು ಸಲ ಈ ಜೋಡಿ ಗೆಲುವು ಪಡೆದರು: 1970, 1972, 1974. ಅವರ ತಂಡಗಳ ಹೆಸರು ನೋಡಿದರೇ ಕಾರಣದ ಒಂದು ಭಾಗ ಹೊಳೆಯುತ್ತದೆ. ಫಾಯೆಮಾ ಕಾಫಿ ಯಂತ್ರದ ಕಂಪನಿ, ಮೊಲ್ತೆನಿ ಮಾಂಸದ ಸಾಸೇಜ್ ತಯಾರಿಸುವ ಕಂಪನಿ, ಎರಡೂ ಇಟಲಿಯವು. ಸಂಬಳ ಕೊಡುವವರ ಗಿರಾಕಿಗಳೆಲ್ಲ ಜಿರೊ ರಸ್ತೆಯ ಬದಿಯಲ್ಲಿ ನಿಂತಿರುವಾಗ ನಾಯಕ ಅದಕ್ಕೆ ಬರುವುದಿಲ್ಲ ಎನ್ನುವಂತಿರಲಿಲ್ಲ. 1974ರಲ್ಲಿ ಮರ್ಕ್ಸ್ ಜಿರೊ ಗೆದ್ದದ್ದು ಬರೀ 12 ಸೆಕೆಂಡುಗಳಿಂದ. ಬೆನ್ನಿಗೇ ಸ್ವಿಟ್ಜರ್ಲೆಂಡಿನ ಪಂದ್ಯವನ್ನೂ ಗೆದ್ದರು. ಅದಾದ ಮೇಲೆ, ಸೀಟು ಒತ್ತುವ ಜಾಗದಲ್ಲೇ ಎದ್ದಿದ್ದ ಗಂಟಿಗೆ ಶಸ್ತ್ರಚಿಕಿತ್ಸೆಯಾಯಿತು. ಐದೇ ದಿನಕ್ಕೆ ಟೂರ್. ಗಾಯ ಇನ್ನೂ ಕೂಡಿರಲಿಲ್ಲ. ಮೊದಲ ದಿನವೇ ರಕ್ತ ಜಿನುಗಿತು. ಆ ಟೂರ್ ಕೂಡ ಅವರ ಪಾಲಾಯಿತು.

ಎಲ್ಲರ ದೇಹವೂ ಹಾಗೆ ಒಪ್ಪಿಕೊಳ್ಳಲಿಲ್ಲ. ಆಗ ವುಯೆಲ್ಟಾ ನಡೆಯುತ್ತಿದ್ದುದು ಏಪ್ರಿಲ್ ಕೊನೆಯಿಂದ ಮೇವರೆಗೆ, ಜಿರೊ ಬಾಗಿಲಿಗೇ ಬಂದು ಮುಗಿಯುತ್ತಿತ್ತು. 1981ರಲ್ಲಿ ಇಟಲಿಯ ಜೊವಾನಿ ಬತ್ತಾಲಿನ್ ಮೇ 10ರಂದು ವುಯೆಲ್ಟಾ ಗೆದ್ದು, ಮೇ 13ರಂದು ಜಿರೊ ಹೊರಡುವ ಸಾಲಿನಲ್ಲಿ ನಿಂತರು, ಅದನ್ನೂ ಗೆದ್ದರು. ಎರಡು ವರ್ಷದ ಬಳಿಕ ಫ್ರಾನ್ಸಿನ ಬರ್ನಾರ್ ಇನೋ ನೋಯುವ ಮೊಣಕಾಲಿಟ್ಟುಕೊಂಡೇ ಸೆರ್ರಾನಿಯೋಸ್ ಘಾಟಿಯಲ್ಲಿ ದಾಳಿ ಮಾಡಿ ವುಯೆಲ್ಟಾ ಗೆದ್ದರು. ಗೆಲುವಿನ ಬೆಲೆ ಜುಲೈನಲ್ಲಿ ತೆರಬೇಕಾಯಿತು. ಕಾಲು ಕೈಕೊಟ್ಟು ಟೂರ್ ತಪ್ಪಿತು. ವುಯೆಲ್ಟಾದಲ್ಲಿ ಇನೋಗಾಗಿ ದುಡಿದಿದ್ದ 22 ವರ್ಷದ ಲೊರಾನ್ ಫಿನ್ಯೋನ್ ಆ ಟೂರ್ ಗೆದ್ದರು.

1995ರಲ್ಲಿ ವುಯೆಲ್ಟಾ ಸೆಪ್ಟೆಂಬರ್‌ಗೆ ಸರಿಯಿತು. ಈ ಒಂದು ಬದಲಾವಣೆಯಿಂದ ಲೆಕ್ಕಾಚಾರವೇ ಬೇರೆಯಾಯಿತು. ಟೂರ್‌ನಲ್ಲಿ ಬಿದ್ದವರಿಗೆ, ಸೋತವರಿಗೆ ಅದು ಎರಡನೇ ಅವಕಾಶವಾಯಿತು. 2017ರಲ್ಲಿ ಕ್ರಿಸ್ ಫ್ರೂಮ್ ಟೂರ್ ಮತ್ತು ವುಯೆಲ್ಟಾ ಎರಡನ್ನೂ ಗೆದ್ದರು.

ಜಿರೊ-ಟೂರ್ ಜೋಡಿಯ ಕಥೆ ಮಾತ್ರ ಬಿಗಿಯಾಗುತ್ತ ಹೋಯಿತು. 1998ರಲ್ಲಿ ಮಾರ್ಕೊ ಪಂತಾನಿ ಎರಡನ್ನೂ ಗೆದ್ದರು. ಆ ಟೂರ್‌ನ ಅವರ ಮಾದರಿಯಲ್ಲಿ ಇಪಿಒ ಎಂಬ ನಿಷೇಧಿತ ಮದ್ದು ಇತ್ತೆಂದು 2013ರಲ್ಲಿ ಫ್ರೆಂಚ್ ಸೆನೆಟ್ ವರದಿ ತೋರಿಸಿತು. ಆಮೇಲೆ 26 ವರ್ಷ ಯಾರಿಗೂ ದಕ್ಕಲಿಲ್ಲ. ನಾಲ್ವರು ಪ್ರಮುಖರು 2015ರಲ್ಲಿ ಮೂರೂ ಪಂದ್ಯಗಳಿಗೆ ಇಳಿದರೆ ಹತ್ತು ಲಕ್ಷ ಯೂರೊ ಹಂಚುವುದಾಗಿ ತಂಡದ ಮಾಲೀಕ ಒಲೆಗ್ ತಿಂಕೋವ್ ಘೋಷಿಸಿದರು, ಅದು ನಡೆಯಲಿಲ್ಲ. ಅವರದೇ ತಂಡದ ಆಲ್ಬೆರ್ತೊ ಕೊಂತಾದೋರ್ ಆ ವರ್ಷ ಜಿರೊ ಗೆದ್ದು ಟೂರ್‌ನಲ್ಲಿ ಐದನೆಯವರಾದರು. 2017ರಲ್ಲಿ ನೈರೊ ಕಿಂತಾನಾ ಜಿರೊದಲ್ಲಿ ಎರಡನೆಯವರು, ಟೂರ್‌ನಲ್ಲಿ ಹನ್ನೆರಡನೆಯವರು.

ಈ ಬೀಗ ತೆಗೆದವರು ಸ್ಲೊವೇನಿಯಾದ ಟಡೇ ಪೊಗಾಚರ್. 2024ರಲ್ಲಿ ಜಿರೊ ಮುಗಿದದ್ದು ಮೇ 26, ಟೂರ್ ಹೊರಟದ್ದು ಜೂನ್ 29. ಕೊಪ್ಪಿಗೂ ಆಂಕ್ತೀಲ್‌ಗೂ ಸಿಗದಿದ್ದ ಬಿಡುವು ಅವರಿಗಿತ್ತು. ಎರಡರಲ್ಲೂ ಆರಾರು ಹಂತ ಗೆದ್ದು, ಒಲಿಂಪಿಕ್ಸ್ ಬಿಟ್ಟು, ವುಯೆಲ್ಟಾ ಕಡೆಗೆ ಹೋಗದೆ, ಜ್ಯೂರಿಕ್‌ನಲ್ಲಿ ವಿಶ್ವ ಚಾಂಪಿಯನ್ ಆದರು.

ಈ ಚರ್ಚೆಯೆಲ್ಲ ನಾಯಕರದ್ದು. ಗಾಳಿಗೆ ಎದೆಯೊಡ್ಡುವ, ನೀರಿನ ಬಾಟಲಿ ಹೊತ್ತು ತರುವ ಸಹಾಯಕರನ್ನು ಯಾರೂ ಕೇಳಿದ್ದಿಲ್ಲ. ಆಸ್ಟ್ರೇಲಿಯಾದ ಆ್ಯಡಮ್ ಹ್ಯಾನ್ಸನ್ 2011ರಿಂದ 2018ರವರೆಗೆ ಸತತ 20 ಗ್ರ್ಯಾಂಡ್ ಟೂರ್ ಮುಗಿಸಿದರು. ಅಮೆರಿಕದ ಸೆಪ್ ಕುಸ್ ಅವರ ಕೆಲಸವೂ ಇದೇ. 2023ರ ಮೇನಲ್ಲಿ ಪ್ರಿಮೊಜ್ ರೊಗ್ಲಿಚ್‌ಗೆ ಜಿರೊ ಗೆಲ್ಲಿಸಿದರು, ಜುಲೈನಲ್ಲಿ ಯೋನಸ್ ವಿಂಗೆಗೋಗೆ ಟೂರ್. ವುಯೆಲ್ಟಾಕ್ಕೆ ಮೂವರೂ ಬಂದರು, ಮುಂದಿರುವವರ ಕೆಂಪು ಅಂಗಿ ಮಾತ್ರ ಕುಸ್ ಮೈಮೇಲೆ ಬಂತು. ಆಂಗ್ಲಿರು ಏರಿನಲ್ಲಿ ಇಬ್ಬರೂ ನಾಯಕರು ಅವರನ್ನು ಬಿಟ್ಟು ಮುಂದೆ ಹೋದರು. ಸಂಜೆಗೆ ವಿಂಗೆಗೋ ಎಂಟೇ ಸೆಕೆಂಡು ಹಿಂದಿದ್ದರು. ಟೂರ್-ವುಯೆಲ್ಟಾ ಜೋಡಿ ಗೆಲುವು ಅವರ ಕೈಗೆಟಕುವಂತಿತ್ತು. ಅಭಿಮಾನಿಗಳು ಸಿಡಿದೆದ್ದರು. ಇನ್ನು ಕುಸ್ ಅವರನ್ನು ಕಾಯಬೇಕೆಂದು ತಂಡ ತೀರ್ಮಾನಿಸಿತು. ಮ್ಯಾಡ್ರಿಡ್‌ನಲ್ಲಿ ಕುಸ್ 17 ಸೆಕೆಂಡುಗಳಿಂದ ಗೆದ್ದರು. ಆ ವರ್ಷದ ಮೂರೂ ಗ್ರ್ಯಾಂಡ್ ಟೂರ್‌ಗಳನ್ನು ಓಡಿ ಮುಗಿಸಿದ್ದವರು ಆ ಮೂವರಲ್ಲಿ ಅವರೊಬ್ಬರೇ.